ಚಿಕ್ಕವರು ಮುಂದೆ, ದೊಡ್ಡವರು ಹಿಂದೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಆಕೆಗೆ ಈಗ ಹತ್ತು ವರ್ಷದ ಮಗಳು, ಏಳು ವರ್ಷದ ಮಗ. "ಟೀಚರ್, ಸೂಟಿಯೊಳಗ ನೀವು ನಿಮ್ಮ ಮಕ್ಕಳ್ನ ಕರಕೊಂಡು ಸೈಕಲ್ ಮ್ಯಾಲೆ ಕೆಲಗೇರಿ ಕಡೆ ಹೋಗೂದನ್ನ ನಾವು ನೋಡತಿದ್ವಿ. ನಮಗೂ ಹಂಗ ಹೋಗಬೇಕು ಅನಸ್ತದ. ಎಷ್ಟು ದೂರ ಹೋಗಬಹುದ್ರಿ?" ಎಂದು ಕೇಳಿದಳು. ಫೋನಿನಲ್ಲಿ ಎರಡು ಮಾತು ಹೇಳಿದೆನಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. "ಎಷ್ಟು ದೂರ" ಎಂಬ ಆ ಪ್ರಶ್ನೆಗೆ ಕಿಲೋಮೀಟರಿನಲ್ಲಿ ಉತ್ತರ ಹೇಳುವುದು ಸುಲಭ. ಆದರೆ ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಬೇರೊಂದು ಅರ್ಥವೂ ಇತ್ತು. ಆದ್ದರಿಂದ ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ನಾವು ಆಗ ಧಾರವಾಡದ ಮಾಳಮಡ್ಡಿಯಲ್ಲಿ ವಾಸವಾಗಿದ್ದೆವು. ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ಕೆಲಸ, ನನಗೆ ಪ್ರೌಢಶಾಲೆಯಲ್ಲಿ. ಏಪ್ರಿಲ್ ಹತ್ತನೆಯ ತಾರೀಖಿನ ಸುಮಾರಿಗೆ ಪರೀಕ್ಷೆಯ ಫಲಿತಾಂಶ ಹೇಳಿದರೆ ಮೇ ತಿಂಗಳ ಕೊನೆಯವರೆಗೆ ನನಗೂ ಮಕ್ಕಳಿಗೂ ರಜೆ; ಅವರಿಗೆ ಮಾತ್ರ ಭಾನುವಾರವೊಂದೇ ಬಿಡುವು. ಊಟಿ, ಮೈಸೂರು ಎಂದು ಎಲ್ಲರೂ ಹೋಗುವಷ್ಟು ಹಣ ಪ್ರತಿವರ್ಷ ಎಲ್ಲಿಂದ ಬರಬೇಕು? 1991ರ ಬೇಸಿಗೆಯಲ್ಲಿ ನಮ್ಮ ಮನೆಯವರೇ, "ಈ ಭಾನುವಾರ ಸೈಕಲ್ ಮೇಲೆ ಕೆಲಗೇರಿ ಕೆರೆಗೆ ಹೋಗಿ ಬರೋಣ" ಎಂದರು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು.

ಅವರ ಬಳಿ ಒಂದು ಹಳೆಯ ಅಟ್ಲಾಸ್ ಸೈಕಲ್ಲಿತ್ತು. ಮುಂದಿನ ದಂಡಿಗೆಯ ಮೇಲೆ ಮಗನಿಗಾಗಿ ಪುಟ್ಟದೊಂದು ಸೀಟು ಹಾಕಿಸಿ, ಅವನ ಕಾಲು ಚಕ್ರದ ಕಡ್ಡಿಗಳಿಗೆ ಸಿಗದಂತೆ ಪಾದ ಊರಲು ಕಬ್ಬಿಣದ ಪಟ್ಟಿಯೊಂದನ್ನು ಕೂಡಿಸಿದ್ದರು. ನನ್ನದು ಲೇಡೀಸ್ ಸೈಕಲ್ಲು. ಸೀರೆಯ ಸೆರಗು ಸಿಕ್ಕದಂತೆ ಹಿಂದಿನ ಗಾಲಿಗೆ ಜಾಳಿಗೆ, ಚೈನಿಗೆ ಪೂರ್ತಿ ಮುಚ್ಚಳ. ಮಗಳಿಗೆ ಮಾತ್ರ ಸ್ವಂತದ್ದಿರಲಿಲ್ಲ. ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಡುವ ಸೈಕಲ್ ಅಂಗಡಿಯಿಂದ ಸಣ್ಣ ಸೈಕಲ್ಲೊಂದನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳುತ್ತಿದ್ದೆವು. ಅಂಗಡಿಯವರು ದಿನದ ಬಾಡಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡುತ್ತಿದ್ದರು.

ಮೊದಲ ದಿನವೇ ನಾವೊಂದು ನಿಯಮ ಮಾಡಿಕೊಂಡೆವು: ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ಮಗಳು ಎಲ್ಲರಿಗಿಂತ ಮುಂದೆ, ಅವಳ ಹಿಂದೆ ನಾನು, ಕೊನೆಯಲ್ಲಿ ಮಗನನ್ನು ಕೂಡಿಸಿಕೊಂಡು ಅವರು. ಅಪ್ಪ ಮುಂದೆ ಹೋಗಿ ಮಕ್ಕಳು ಹಿಂದೆ ಬಂದರೆ, ಮಗು ಅಪ್ಪನ ಬೆನ್ನನ್ನು ನೋಡಿಕೊಂಡು ತನ್ನ ಶಕ್ತಿ ಮೀರಿ ತುಳಿಯುತ್ತದೆ. ದಣಿದರೂ ಬಾಯಿ ಬಿಡುವುದಿಲ್ಲ. ಮಗುವೇ ಮುಂದಿದ್ದರೆ ವೇಗ ತಾನಾಗಿಯೇ ಮಗುವಿನದಾಗುತ್ತದೆ. ಗಂಟೆಗೆ ಏಳೆಂಟು ಕಿಲೋಮೀಟರಿಗಿಂತ ಹೆಚ್ಚು ನಾವು ಎಂದೂ ಹೋದವರಲ್ಲ. ಆ ವೇಗದಲ್ಲಿ ದೊಡ್ಡವರಿಗೆ ಸೈಕಲ್ಲಿನ ತೋಲ ಹಿಡಿಯುವುದೇ ಕಷ್ಟ. ಆದರೆ ದಾರಿ ಬದಿಯ ಕವಳಿ ಕಂಟಿಯಲ್ಲಿ ಹಣ್ಣು ಕಪ್ಪಾಗಿದೆಯೋ ಇನ್ನೂ ಕೆಂಪಾಗಿಯೇ ಇದೆಯೋ ಎಂಬುದು ಕಣ್ಣಿಗೆ ಬೀಳುವುದು ಆ ವೇಗದಲ್ಲಿಯೇ.

ಬೇಸಿಗೆಯ ಬಿಸಿಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವುದೆಂದರೆ ಗಡಿಯಾರದೊಡನೆ ಒಪ್ಪಂದ ಮಾಡಿಕೊಂಡಂತೆ. ಬೆಳಗಿನ ಐದೂವರೆಗೆ ಮನೆ ಬಿಡುವುದು, ಎಂಟೂವರೆಯೊಳಗೆ ನೆರಳು ಸೇರುವುದು, ಸಂಜೆ ನಾಲ್ಕೂವರೆಯವರೆಗೆ ಅಲ್ಲಿಂದ ಕದಲದಿರುವುದು. ನಡುವಿನ ಎಂಟು ತಾಸು ಮಕ್ಕಳದು. ಕಲ್ಲು ಆರಿಸುವುದು, ನೀರಿನಲ್ಲಿ ಕಾಲು ಬಿಡುವುದು, ಮರದ ಬುಡದಲ್ಲಿ ನಿದ್ದೆ. ತತ್ರಾಣಿಯಲ್ಲಿ ನೀರು, ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಲಿಂಬೆಹಣ್ಣು, ಉಪ್ಪು, ಬೆಲ್ಲ ಬೇರೆ ಪೊಟ್ಟಣದಲ್ಲಿ. ನೀರಡಿಕೆಯಾಯಿತೆಂದು ಮಕ್ಕಳು ಕೇಳುವವರೆಗೆ ಕಾಯಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಎರಡು ಗುಟುಕು ಕುಡಿಸಬೇಕು. ಬಿಸಿಲು ತಗಲಿದ ಮಗು ಅಳುವುದಿಲ್ಲ, ಸುಮ್ಮನಾಗುತ್ತದೆ. ಒಂದೇ ಸಮನೆ ಹರಟುತ್ತಿದ್ದ ಹುಡುಗ ಮಾತು ನಿಲ್ಲಿಸಿದನೆಂದರೆ ಅಲ್ಲಿಯೇ ಇಳಿದು, ನೆರಳಿಗೆ ಕರೆದೊಯ್ದು, ತಲೆಗೆ ಒದ್ದೆ ಬಟ್ಟೆ ಹಾಕಬೇಕು. ಇದನ್ನು ನನಗೆ ಕಲಿಸಿದವನು ನನ್ನ ಮಗನೇ.

ಇನ್ನು ಗಾಳಿಯ ವಿಚಾರ. ಧಾರವಾಡದ ಬೇಸಿಗೆಯಲ್ಲಿ ಬೆಳಿಗ್ಗೆ ಎಲೆಯೂ ಅಲುಗುವುದಿಲ್ಲ. ಮಧ್ಯಾಹ್ನ ತಿರುಗಿದ ಮೇಲೆ ಪಡುವಣದಿಂದ, ಸಮುದ್ರದ ಕಡೆಯಿಂದ, ಗಾಳಿ ಬೀಸಲು ಆರಂಭಿಸುತ್ತದೆ. ಧಾರವಾಡದ ಸಂಜೆ ತಂಪಾಗುವುದು ಆ ಗಾಳಿಯಿಂದಲೇ. ಆದರೆ ಅದಕ್ಕೆ ಎದುರಾಗಿ ಸೈಕಲ್ ತುಳಿಯುವ ಮಗುವಿಗೆ ಅದು ಗೋಡೆ ಇದ್ದಂತೆ. ಹೀಗಾಗಿ ಬೆಳಿಗ್ಗೆ ಪಡುವಣಕ್ಕೆ ಹೋಗಿ, ಸಂಜೆ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ಮರಳಬೇಕು. ಗೋವಾ ರಸ್ತೆಯ ಮೇಲಿರುವ ಕೆಲಗೇರಿ ಇದಕ್ಕೆ ಹೇಳಿ ಮಾಡಿಸಿದಂತಹ ಸ್ಥಳ. ಕರ್ನಾಟಕ ಕಾಲೇಜು, ಸಪ್ತಾಪುರ ದಾಟಿ, ವರಕವಿ ಬೇಂದ್ರೆಯವರ ಮನೆಯಿರುವ ಸಾಧನಕೇರಿಯನ್ನು ಹಾಯ್ದು ಹೋದರೆ ಕೆರೆ. ಮೇ ತಿಂಗಳಾದರೆ ಆಪೂಸು ಮಾವಿನ ತೋಪುಗಳಿಂದ ಹಣ್ಣಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಅಲ್ಲಿಯೇ ಒಮ್ಮೆ ಜಾಲಿಮುಳ್ಳು ಚುಚ್ಚಿ ಮಗಳ ಸೈಕಲ್ ಪಂಕ್ಚರಾಯಿತು. ಅವಳ ಅಪ್ಪ ಟ್ಯೂಬು ಬಿಚ್ಚಿ, ಗಾಳಿ ತುಂಬಿ, ಕೆರೆಯ ನೀರಿನಲ್ಲಿ ಮುಳುಗಿಸಿ, "ಗುಳ್ಳೆ ಎಲ್ಲಿ ಬರ್ತಾವ ನೋಡ್ರಿ" ಎಂದು ಇಬ್ಬರನ್ನೂ ಕೂಡಿಸಿದರು. ಗುಳ್ಳೆಯನ್ನು ಮೊದಲು ಕಂಡ ಮಗ ಆ ವಾರವೆಲ್ಲ ತಾನೇ ಸೈಕಲ್ ರಿಪೇರಿ ಮಾಡಿದೆನೆಂದು ಓಣಿಯಲ್ಲಿ ಸಾರಿದ.

ಉಣಕಲ್ಲಿನ ದಾರಿ ಇದಕ್ಕೆ ಪೂರ್ತಿ ವಿರುದ್ಧ. ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ತಗ್ಗಿನಲ್ಲಿದೆ. ಎರಡೂ ಊರುಗಳಿಗೆ 1962ರಿಂದ ಒಂದೇ ಮಹಾನಗರಪಾಲಿಕೆ. ನಡುವಿನ ಇಪ್ಪತ್ತು ಕಿಲೋಮೀಟರು ಮಾತ್ರ ಹಾಗೆಯೇ ಉಳಿದಿತ್ತು. ಬೆಳಿಗ್ಗೆ ಇಳಿಜಾರಿನಲ್ಲಿ ನವಲೂರಿನ ಪೇರಲ ತೋಟ, ಸತ್ತೂರು, ರಾಯಾಪುರ, ಭೈರಿದೇವರಕೊಪ್ಪ ಎಂದು ಹಾಡು ಹೇಳುತ್ತ ಹೋಗಬಹುದು. ಸಂಜೆ ಮರಳುವಾಗ ಏರೂ ಎದುರು, ಗಾಳಿಯೂ ಎದುರು. ಅದಕ್ಕೆ ನಾವು ಕಂಡುಕೊಂಡ ಉಪಾಯ ಬಸ್ಸು. ಆ ಕಾಲದಲ್ಲಿ ಬಸ್ಸಿನ ಟಾಪಿನ ಮೇಲೆ ಸೈಕಲ್ ಹಾಕಲು ಬಿಡುತ್ತಿದ್ದರು, ಲಗೇಜಿನ ಟಿಕೀಟು ತೆಗೆಸಬೇಕಷ್ಟೆ. ಉಣಕಲ್ಲಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯವಿದೆ. ನಾಲ್ಕು ದಿಕ್ಕಿಗೂ ಬಾಗಿಲುಗಳು. ಶಿಲ್ಪಕಲೆಯ ಬಗ್ಗೆ ನಾನು ಹೇಳಬೇಕೆಂದಿದ್ದ ಮಾತುಗಳು ಒಂದೂ ಮಕ್ಕಳ ಕಿವಿಗೆ ಬೀಳಲಿಲ್ಲ. ಅವರಿಗೆ ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಬರುವುದೇ ದೊಡ್ಡ ಆಟ. ಆ ಗುಡಿಗೆ ನಾಲ್ಕು ಬಾಗಿಲುಗಳಿವೆಯೆಂಬುದನ್ನು ಅವರು ಇಂದಿಗೂ ಮರೆತಿಲ್ಲ.

ನಾನು ಶಾಲೆಯಲ್ಲಿ ಕಲಿಸುತ್ತಿದ್ದುದು ಸಮಾಜ ವಿಜ್ಞಾನ. "ಜಲವಿಭಜಕ" ಎಂಬ ಪದವನ್ನು ಎಷ್ಟೋ ತಂಡಗಳಿಗೆ ಕಪ್ಪು ಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಎಷ್ಟು ಮಂದಿಗೆ ಅರ್ಥವಾಗಿತ್ತೋ ದೇವರೇ ಬಲ್ಲ. ನಮ್ಮ ಮಕ್ಕಳಿಗೆ ಅದನ್ನು ತಿಳಿಸಿದ್ದು ಅವರ ಕಾಲುಗಳು. ಕಲಘಟಗಿ ರಸ್ತೆಯಲ್ಲಿ ಸೋಮೇಶ್ವರ ಗುಡಿಯಿದೆ. ಶಾಲ್ಮಲಾ ನದಿ ಹುಟ್ಟುವುದು ಅಲ್ಲಿ ಎಂದು ನಾವೆಲ್ಲ ಕೇಳುತ್ತ ಬೆಳೆದವರು. ಅಲ್ಲಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ನುಗ್ಗಿಕೇರಿಯ ಹನುಮಪ್ಪನ ಗುಡಿ, ಪಕ್ಕದಲ್ಲಿ ಕೆರೆ. ಆ ಕಡೆ ಬಿದ್ದ ಮಳೆ ಶಾಲ್ಮಲೆಯಾಗಿ, ಬೇಡ್ತಿಯಾಗಿ, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿಯೆಂಬ ಹೆಸರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಊರಿನ ಮೂಡಣ ದಿಕ್ಕಿಗೆ ಬಿದ್ದ ಮಳೆ ಬೆಣ್ಣೆಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಈ ಕಡೆ ಕೆಂಪು ಮಣ್ಣು, ಮಾವು, ಮಲ್ಲಾಡಿನ ಹಸಿರು. ಆ ಕಡೆ ಕಪ್ಪು ಎರೆ, ಜೋಳ, ಹತ್ತಿ, ಬೆಳವಲದ ಬಯಲು. ಒಂದು ಭಾನುವಾರ ಸೋಮೇಶ್ವರಕ್ಕೆ, ಮುಂದಿನ ಭಾನುವಾರ ಅಮ್ಮಿನಭಾವಿಗೆ ಹೋಗಿ ಬಂದ ಮೇಲೆ ಮಗಳು ತಾನಾಗಿಯೇ, "ಅಮ್ಮಾ, ನಮ್ಮ ಊರು ಮನಿ ಮಾಳಗಿ ಇದ್ದಂಗ ಐತಿ. ಈ ಕಡೆ ನೀರು ಈ ಕಡೆ, ಆ ಕಡೆ ನೀರು ಆ ಕಡೆ" ಎಂದಳು. ಹತ್ತು ವರ್ಷದ ನನ್ನ ಪಾಠಕ್ಕಿಂತ ಆ ಒಂದು ಮಾತು ಹೆಚ್ಚು ಸ್ಪಷ್ಟವಾಗಿತ್ತು.

ಅಮ್ಮಿನಭಾವಿಗೆ ಹೋಗಲು ಇನ್ನೊಂದು ಕಾರಣವಿತ್ತು. ಆಗ ನಮ್ಮ ನಲ್ಲಿಗೆ ಹಲವು ದಿನಗಳಿಗೊಮ್ಮೆ ನೀರು ಬರುತ್ತಿತ್ತು. ಎಲ್ಲರ ಮನೆಯಲ್ಲಿಯೂ ಹಂಡೆ, ಕೊಡ, ಪಾತ್ರೆಗಳ ಸಾಲು. "ಈ ನೀರು ಎಲ್ಲಿಂದ ಬರ್ತದ?" ಎಂದು ಮಗ ಕೇಳಿದ್ದ. ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದ ನೀರನ್ನು ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿ ಅವಳಿನಗರಕ್ಕೆ ಕಳುಹಿಸುತ್ತಾರೆಂದು ಹೇಳಿ, ದಾರಿಯನ್ನಾದರೂ ತೋರಿಸೋಣವೆಂದು 1993ರ ಮೇ ತಿಂಗಳಲ್ಲಿ ಹೊರಟೆವು. ಹನ್ನೆರಡು ಕಿಲೋಮೀಟರಿನ ಆಸುಪಾಸು. ಊರು ನೋಡಿ, ಪಾರ್ಶ್ವನಾಥ ಬಸದಿ ನೋಡಿ, ಪರಿಚಯದವರ ಹೊಲದ ಮಾವಿನ ಮರದಡಿ ಮಧ್ಯಾಹ್ನ ಕಳೆದೆವು.

ಸಂಜೆ ನಾಲ್ಕರ ಹೊತ್ತಿಗೆ ಬಾನು ಕಪ್ಪಿಟ್ಟು, ಗಾಳಿ ಎದ್ದು, ಅಡ್ಡಮಳೆ ಹಿಡಿದುಕೊಂಡಿತು. ಗುಡುಗು ಕೇಳಿದೊಡನೆ ನಮ್ಮ ಮನೆಯವರು ಮಕ್ಕಳನ್ನು ಮರದಡಿಯಿಂದ ಎಬ್ಬಿಸಿ, ಸೈಕಲ್ಲುಗಳನ್ನು ಅಲ್ಲಿಯೇ ಮಲಗಿಸಿ, ಮಳೆಯಲ್ಲಿಯೇ ಎಲ್ಲರನ್ನೂ ತೋಟದ ಮನೆಗೆ ಓಡಿಸಿದರು. ನಾವು ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ಅದೇ ಹೊಲದ ಬದುವಿನ ಮೇಲಿನ ಒಂಟಿ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ಮಗ ನನ್ನ ಸೀರೆಯಲ್ಲಿ ಮುಖ ಹುದುಗಿಸಿದ. ಮನೆಯ ತಾಯಿ ಒಂದು ಮಾತೂ ಆಡದೆ ಒಲೆಗೆ ಎರಡು ಕಟ್ಟಿಗೆ ಹೆಚ್ಚಿಗೆ ಹಾಕಿ ಚಹಾಕ್ಕೆ ನೀರಿಟ್ಟಳು.

ಮಳೆ ಒಂದು ತಾಸಿಗೆ ನಿಂತಿತು. ಆದರೆ ಹೊಲದಿಂದ ಡಾಂಬರು ರಸ್ತೆಯವರೆಗೆ ಬಂಡಿದಾರಿ, ಅದೂ ಎರೆ ಮಣ್ಣು. ನೆನೆದ ಎರೆ ಮಣ್ಣಿನ ಗುಣ ಗೊತ್ತಿದ್ದವರಿಗೇ ಗೊತ್ತು: ಅದು ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಗಾಲಿಯನ್ನು ತಿರುಗಲು ಬಿಡುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಕಡ್ಡಿಯಿಂದ ಮಣ್ಣು ಕೆರೆದು ತೆಗೆಯಬೇಕು. ತೋಟದ ಮನೆಯವರು ನನ್ನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡರು, ನಾನು ಮಗನನ್ನು ಎತ್ತಿಕೊಂಡೆ. ಮಗಳ ಸೈಕಲ್ಲನ್ನೂ ಹೊರಲು ಅವರ ಮಗ ಮುಂದೆ ಬಂದ. ಹನ್ನೊಂದು ವರ್ಷದ ಅವಳು, "ಬ್ಯಾಡ್ರಿ, ನನ್ನ ಸೈಕಲ್ ನಾನ ತರತೇನಿ" ಎಂದು ಕೈ ಬಿಡಲಿಲ್ಲ. ಒಂದು ಕಿಲೋಮೀಟರಿಗೂ ಕಡಿಮೆಯಿದ್ದ ಆ ದಾರಿಗೆ ಮುಕ್ಕಾಲು ತಾಸು ಹಿಡಿಯಿತು. ಡೈನಮೋ ದೀಪವಿದ್ದುದು ಅಪ್ಪನ ಸೈಕಲ್ಲಿಗೆ ಮಾತ್ರ; ಆ ಒಂದು ರಾತ್ರಿ ನಮ್ಮ ನಿಯಮ ತಿರುವುಮುರುವಾಗಿ, ದೀಪ ಮುಂದೆ ಹೋಗಿ ಮಕ್ಕಳು ನಡುವೆ ಬಂದರು. ಮನೆ ಮುಟ್ಟಿದಾಗ ಎಂಟೂವರೆ ದಾಟಿತ್ತು.

ಅತ್ತೆಯವರು ಗೇಟಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ನಾವು ಕೇಳಲಿಲ್ಲ. ಮಕ್ಕಳ ತಲೆ ಒರೆಸಿ, ಬಿಸಿ ಹಾಲು ಕುಡಿಸಿ ಮಲಗಿಸಿದ ಮೇಲೆ ನನ್ನ ಬಳಿ ಬಂದು, "ಹುಡುಗ ಇರ್ಲಿ, ಅಂವಾ ಗಂಡಹುಡುಗ. ಆದರ ಇಕಿ ಇನ್ನ ಎಷ್ಟು ದಿವಸ ಹಿಂಗ ಹೋಗಾಕಿ? ನಾಳೆ ದೊಡ್ಡಾಕಿ ಆಗ್ತಾಳ. ಎಷ್ಟು ದೂರ ಅಂತ ಹೋಗಾಕಿ?" ಎಂದರು. ನಾನು ಆರಂಭದಲ್ಲಿ ಹೇಳಿದ ಪ್ರಶ್ನೆಯ ಇನ್ನೊಂದು ಅರ್ಥ ಇದು.

ಆ ಮಾತನ್ನು ನಾನು ಮೊದಲ ಸಲ ಕೇಳಿದವಳಲ್ಲ. 1972ರಲ್ಲಿ ನನಗೆ ಹದಿಮೂರು ವರ್ಷ. ನಮ್ಮ ತಂದೆಯವರ ದೊಡ್ಡ ಸೈಕಲ್ಲಿನ ದಂಡಿಗೆಗಳ ನಡುವೆ ಕಾಲು ತೂರಿಸಿ, ಓರೆಯಾಗಿ ನಿಂತು ತುಳಿಯುವುದನ್ನು ನಾನೂ ಅಣ್ಣನೂ ಒಂದೇ ಬೇಸಿಗೆಯಲ್ಲಿ ಕಲಿತೆವು. ಮರುವರ್ಷ ಅಣ್ಣನಿಗೆ ಹೈಸ್ಕೂಲಿಗೆ ಹೋಗಲು ಆ ಸೈಕಲ್ಲು ಸಿಕ್ಕಿತು, ನನಗೆ ನಿಂತಿತು. ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. "ಇನ್ನ ಸಾಕವಾ" ಎಂದರು, ಅಷ್ಟೆ. ಬಿ.ಎಡ್. ಮುಗಿಸಿ, ಸಂಬಳ ಬರತೊಡಗಿದ ಮೇಲೆ ನಾನು ಮೊದಲು ಕೊಂಡ ವಸ್ತು ಆ ಲೇಡೀಸ್ ಸೈಕಲ್ಲು. ಈ ಸಂಗತಿಯನ್ನು ನನ್ನ ತಮ್ಮಂದಿರೂ ಇಲ್ಲಿಯೇ ಮೊದಲ ಸಲ ಓದುತ್ತಿರಬಹುದು.

ಆದ್ದರಿಂದ ಭಾನುವಾರದ ಆ ತಿರುಗಾಟಗಳನ್ನು ನಾನು ಬರಿಯ ವಿನೋದವೆಂದು ತಿಳಿದಿರಲಿಲ್ಲ. ಮಗಳು ಎಲ್ಲರ ಕಣ್ಣೆದುರಿಗೆ, ತಂದೆತಾಯಿಗಳ ಜೊತೆಯಲ್ಲಿ, ಎಲ್ಲರಿಗಿಂತ ಮುಂದೆ ಸೈಕಲ್ ತುಳಿಯುವುದು ನಾಲ್ಕು ವರ್ಷ ನಮ್ಮ ಓಣಿಯವರಿಗೂ ರಸ್ತೆಯವರಿಗೂ ರೂಢಿಯಾಯಿತು. 1995ರ ಜೂನ್ ತಿಂಗಳಲ್ಲಿ ಅವಳು ಎಂಟನೆಯ ತರಗತಿಗೆ ಊರಿನ ಇನ್ನೊಂದು ತುದಿಯ ಹೈಸ್ಕೂಲಿಗೆ ಸೇರಿದಾಗ ಒಂದು ಹಳೆಯ ಸೈಕಲ್ಲನ್ನು ಕೊಂಡು, ಬಣ್ಣ ಹೊಡೆಸಿ ಕೊಟ್ಟೆವು. ಅತ್ತೆಯವರು ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಬೆಳಿಗ್ಗೆ ಮೊಮ್ಮಗಳು ಓಣಿಯ ತಿರುವು ದಾಟುವವರೆಗೆ ಗೇಟು ಹಿಡಿದು ನಿಲ್ಲುತ್ತಿದ್ದರು. ಸಂಜೆ ಐದು ಗಂಟೆಗೆ ಮತ್ತೆ ಅಲ್ಲಿಯೇ. ಮೂರು ವರ್ಷ ಒಂದು ದಿನವೂ ತಪ್ಪಲಿಲ್ಲ. ಅವರ ಭಯ ಸುಳ್ಳಾಗಿರಲಿಲ್ಲ. ಆ ಭಯವನ್ನು ಮೊಮ್ಮಗಳ ಕಾಲಿಗೆ ಕಟ್ಟದೆ ತಾವೇ ಹೊತ್ತುಕೊಂಡು ನಿಂತರು. ಅದಕ್ಕೆ ಎಂತಹ ಮನಸ್ಸು ಬೇಕೆಂಬುದು ಈಗ ನನಗೆ ತಿಳಿಯುತ್ತಿದೆ.

ನಮ್ಮ ಮನೆಯ ಈ ಸಣ್ಣ ಸಂಗತಿ ದೊಡ್ಡದೊಂದರ ತುಣುಕೆಂದು ಆಗ ನನಗೆ ತಿಳಿದಿರಲಿಲ್ಲ. ನಾವು ಕೆಲಗೇರಿಗೆ ಹೋಗತೊಡಗಿದ 1991ರ ಹೊತ್ತಿಗೇ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದರು. ಸಾವಿರಾರು ಹಳ್ಳಿಯ ಹೆಂಗಸರು ಕಲಿತರು. 2006ರಲ್ಲಿ ಬಿಹಾರದಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು; ಅದರಿಂದ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇಕಡಾ 30ಕ್ಕೂ ಹೆಚ್ಚು ಏರಿತೆಂದು ಮುಂದೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ನಮ್ಮ ರಾಜ್ಯದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಯೋಜನೆ ಆರಂಭವಾಯಿತು. ನನ್ನ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಆ ಸೈಕಲ್ಲು ನೆನಪಿರುತ್ತದೆ. ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದ ನಿಮ್ಮಲ್ಲಿ ಕೆಲವರಿಗೆ ಸೈಕಲ್ಲು ಬಂದರೂ ಹೊಡೆಯಲು ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಆಟದ ಮೈದಾನದಲ್ಲಿ ನಾನು ಸೀಟು ಹಿಡಿದು ಓಡುತ್ತಿದ್ದುದನ್ನು ನೆನೆದು ನೀವು ಈಗಲೂ ನಗುತ್ತೀರಿ, ನಗಿರಿ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಆದರೆ ಆ ಸೈಕಲ್ಲಿನ ಮೇಲೆ ಬಂದು ಹತ್ತನೆಯ ತರಗತಿ ಮುಗಿಸಿದವರನ್ನು ನಾನು ಹೆಸರು ಹಿಡಿದು ಎಣಿಸಬಲ್ಲೆ.

ಈಗಿನ ಮಾತು. ಮಗಳು ಪುಣೆಯಲ್ಲಿದ್ದಾಳೆ. ಅವಳ ಮಗಳಿಗೆ ಒಂಬತ್ತು ವರ್ಷ. ಕಳೆದ ರಜೆಯಲ್ಲಿ ಬಂದಾಗ, "ಅಜ್ಜಿ, ಅಮ್ಮ ಹೋಗತಿದ್ದ ಕೆರಿಗೆ ನಾನೂ ಸೈಕಲ್ ಮ್ಯಾಲೆ ಹೋಗಬೇಕು" ಎಂದಳು. ಕೂಡಲೇ ನನ್ನ ಬಾಯಿಂದ ಬಂದ ಮಾತು "ಬ್ಯಾಡ". ಮಗಳು ನನ್ನ ಮುಖವನ್ನೇ ನೋಡಿದಳು. ಗೇಟಿನಲ್ಲಿ ನಿಲ್ಲುವ ಸರದಿ ಈಗ ನನ್ನದು.

ನನ್ನ ಭಯಕ್ಕೂ ಕಾರಣವಿದೆ. 1991ರಲ್ಲಿ ನಾವು ಹಾಡುತ್ತ ಇಳಿದ ಹುಬ್ಬಳ್ಳಿ ರಸ್ತೆ ಈಗ ಎಷ್ಟೋ ಪಟ್ಟು ಅಗಲವಾಗಿದೆ. ನಡುವೆ ಬಿ.ಆರ್.ಟಿ.ಎಸ್. ಬಸ್ಸುಗಳಿಗೆಂದೇ ಬೇರೆ ದಾರಿ; 2018ರಿಂದ ಅವು ಓಡುತ್ತಿವೆ, ಅವುಗಳಿಂದ ಓಡಾಡುವವರಿಗೆ ಅನುಕೂಲವೂ ಆಗಿದೆ. ಆದರೆ ಒಂಬತ್ತು ವರ್ಷದ ಮಗು ತನ್ನ ಸೈಕಲ್ಲಿನೊಡನೆ ಆ ರಸ್ತೆಯನ್ನು ದಾಟುವುದನ್ನು ನಾನು ಊಹಿಸಲಾರೆ. ತಾಸಿನ ಬಾಡಿಗೆಯ ಸೈಕಲ್ ಅಂಗಡಿಗಳು ನಮ್ಮ ಓಣಿಯಲ್ಲಿ ಉಳಿದಿಲ್ಲ. ಇಂದು ಮನೆಮನೆಯಲ್ಲಿ ಗೇರುಗಳುಳ್ಳ, ಸಾವಿರಾರು ರೂಪಾಯಿಯ ಸೈಕಲ್ಲುಗಳಿವೆ. ಮನೆಯ ಬಾಗಿಲಿನಿಂದ ಊರ ಹೊರಗಿನವರೆಗೆ ಅವುಗಳನ್ನು ಮಗುವಿನ ವೇಗದಲ್ಲಿ ಒಯ್ಯುವ ದಾರಿಯಿಲ್ಲ. ಮಕ್ಕಳಿಗೆ ಆಸಕ್ತಿಯಿಲ್ಲವೆಂದು ದೂರುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಆದರೂ ಮೊಮ್ಮಗಳು ಕೆಲಗೇರಿಗೆ ಹೋದಳು. ಒಂದು ವಾರ ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಮರಗಳ ರಸ್ತೆಯಲ್ಲಿ ಬೆಳಗಿನ ಹೊತ್ತು ಅಭ್ಯಾಸ ಮಾಡಿಸಿದೆವು: ಕೈ ತೋರಿಸಿ ತಿರುಗುವುದು, ಹಿಂತಿರುಗಿ ನೋಡಿದರೂ ಸೈಕಲ್ಲು ಓಲಾಡದಂತೆ ಹಿಡಿಯುವುದು, "ನಿಲ್ಲು" ಎಂದೊಡನೆ ನಿಲ್ಲುವುದು. ಆಮೇಲೆ ಒಂದು ಭಾನುವಾರ ಐದೂವರೆಗೆ, ವಾಹನಗಳು ಏಳುವ ಮೊದಲೇ, ಅವಳು ಮುಂದೆ, ಅವಳ ತಾಯಿ ಹಿಂದೆ. ನನ್ನ ಮೊಣಕಾಲುಗಳು ಒಪ್ಪದ ಕಾರಣ ನಾನೂ ನಮ್ಮ ಮನೆಯವರೂ ಬುತ್ತಿ ಹಿಡಿದುಕೊಂಡು ಆಟೋದಲ್ಲಿ ಹೋಗಿ ಕೆರೆಯ ದಂಡೆಯಲ್ಲಿ ಕಾದೆವು. ಅವರು ಬಂದು ಮುಟ್ಟುವವರೆಗಿನ ಆ ಅರ್ಧ ತಾಸು ನನಗೆ ಅತ್ತೆಯವರ ನೆನಪು ಬಹಳ ಬಂತು.

ಈಗ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ. ಏಳು ವರ್ಷದ ಮಗುವಿಗೆ ಮೊದಲ ಸಲ ಹೋಗಿಬರಲು ಎಲ್ಲ ಸೇರಿ ಎಂಟು ಕಿಲೋಮೀಟರು ಸಾಕು. ಹತ್ತು ವರ್ಷದವಳಿಗೆ ಹನ್ನೆರಡು. ಇಬ್ಬರೂ ಜೊತೆಗಿದ್ದರೆ ಸಣ್ಣವನ ಲೆಕ್ಕವೇ ಎಲ್ಲರ ಲೆಕ್ಕ. ತಲೆಗೆ ಹೆಲ್ಮೆಟ್ ಇರಲಿ. ನಮ್ಮ ಕಾಲದಲ್ಲಿ ಅದು ಸಿಗುತ್ತಿರಲಿಲ್ಲ, ಈಗ ಸಿಗುತ್ತದೆ. ಗಾಳಿ ಯಾವ ಕಡೆಯಿಂದ ಬೀಸುವುದೆಂದು ಹಿಂದಿನ ಸಂಜೆ ಮಾಳಿಗೆಯ ಮೇಲೆ ನಿಂತು ಮಕ್ಕಳಿಂದಲೇ ನೋಡಿಸು. ಮೋಡ ಕಂಡರೆ ಮರದಡಿ ನಿಲ್ಲಬೇಡಿರಿ, ಎರೆ ಹೊಲಕ್ಕೆ ಇಳಿಯಬೇಡಿರಿ. ನೀನು ಹಿಂದೆ ಇರು. ಮಗಳನ್ನೂ ಮಗನನ್ನೂ ಮುಂದೆ ಬಿಡು.

ಮಗಳಿಗೆ ಹನ್ನೆರಡು ಹದಿಮೂರು ತುಂಬಿದಾಗ ಯಾರಾದರೂ "ಇನ್ನ ಸಾಕು" ಎನ್ನಲು ಬಂದರೆ, ಅವರೊಡನೆ ವಾದಿಸುತ್ತ ಕೂಡಬೇಡ. ಮುಂದಿನ ಭಾನುವಾರದ ಬುತ್ತಿಗೆ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿ.